ಏನೂ ಆಗದ ಹನ್ನೊಂದು ವರ್ಷ

ದೊಡ್ಡಕ್ಕನ ಮೇಲೆ ನಗರಸಭೆಗೆ ದೂರು ಬರೆದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ಇಲ್ಲದಿದ್ದರೆ ಅರ್ಧ ಕಥೆಗೆ ಬರುವ ಹೊತ್ತಿಗೆ ನಮ್ಮ ಮನೆಯವಳು ಅಡುಗೆಮನೆಯಿಂದಲೇ ಕೂಗಿ ಹೇಳಿಬಿಡುತ್ತಾಳೆ.

ನಮ್ಮ ಮನೆ ಮತ್ತು ನಗರಸಭೆಯ ಯುವಕೇಂದ್ರದ ನಡುವೆ ಇರುವುದು ಒಂದೇ ಒಂದು ಓಣಿ. ಎರಡು ಸ್ಕೂಟರುಗಳು ಎದುರುಬದುರಾದರೆ ಒಬ್ಬ ಸವಾರ ದೊಡ್ಡ ಮನಸ್ಸು ಮಾಡಬೇಕು, ಅಷ್ಟು ಅಗಲ. ಕೇಂದ್ರವೆಂದರೆ ಎರಡು ಕೋಣೆ, ಒಂದು ಜಗಲಿ, ಮೂರು ಕೇರಂ ಬೋರ್ಡು, ಒಂದು ಕಪಾಟು ಪುಸ್ತಕ ಮತ್ತು ದೊಡ್ಡಕ್ಕ. ಸಂಜೆ ನಾಲ್ಕಕ್ಕೆ ಬಾಗಿಲು ತೆರೆದರೆ ಎಂಟಕ್ಕೆ ಮುಚ್ಚುವುದು. ಹದಿಮೂರರಿಂದ ಇಪ್ಪತ್ತೈದರವರೆಗಿನ ಯಾರು ಬೇಕಾದರೂ ಒಳಗೆ ಹೋಗಬಹುದು. ಫೀಸಿಲ್ಲ, ಚೀಟಿಯಿಲ್ಲ, ಯಾಕೆ ಬಂದೆ ಅಂತ ಕೇಳುವವರಿಲ್ಲ. ನನಗೆ ಐವತ್ತೆರಡು. ಆದ್ದರಿಂದ ನನ್ನ ಪಾಲಿಗೆ ಬರುತ್ತಿದ್ದದ್ದು ಸದ್ದು ಮಾತ್ರ.

ದೊಡ್ಡಕ್ಕ ಈ ಕೆಲಸಕ್ಕೆ ಬಂದದ್ದೇ ಒಂದು ತಪ್ಪಿನಿಂದ. ಆಕೆಯ ಅಪ್ಪ ಪುಸ್ತಕಕ್ಕೆ ರಟ್ಟು ಕಟ್ಟುವವರು. ಮಗಳು ಗ್ರಂಥಾಲಯದ ಪರೀಕ್ಷೆ ಪಾಸು ಮಾಡಿ, ವಾಚನಾಲಯದ ಕೆಲಸಕ್ಕೆ ಅರ್ಜಿ ಹಾಕಿದರು. ಆದೇಶ ಬಂತು, ಯುವಕೇಂದ್ರಕ್ಕೆ. ನಗರಸಭೆಗೆ ಹೋಗಿ ಕೇಳಿದ್ದಕ್ಕೆ ಗುಮಾಸ್ತರು, "ತಿದ್ದುಪಡಿ ಆದೇಶ ಬರುತ್ತಮ್ಮ, ಅಲ್ಲೀವರೆಗೆ ಅಲ್ಲೇ ಕೂತಿರಿ" ಅಂದರಂತೆ. ಕೂತರು. ಹನ್ನೊಂದು ವರ್ಷವಾಯಿತು, ತಿದ್ದುಪಡಿ ಇನ್ನೂ ದಾರಿಯಲ್ಲಿದೆ. ಮೊದಲ ದಿನ ವಾಚನಾಲಯಕ್ಕೆಂದು ಮನೆಯಲ್ಲಿ ಬರೆಸಿಟ್ಟುಕೊಂಡಿದ್ದ 'ನಿಶ್ಶಬ್ದವಾಗಿರಿ' ಎಂಬ ಬೋರ್ಡನ್ನು ಸುಮ್ಮನೆ ಯಾಕೆ ಹಾಳುಮಾಡುವುದು ಅಂತ ಇಲ್ಲೇ ಗೋಡೆಗೆ ಹೊಡೆಸಿದರು. ಅದರ ಕೆಳಗೇ ಮೂರು ಕೇರಂ ಬೋರ್ಡುಗಳು.

ಈ ಬೋರ್ಡನ್ನು ತೋರಿಸಿಯೇ ಜಗಳ ತೆಗೆಯಬೇಕೆಂದು ಒಂದು ಸಂಜೆ ನಾನು ಅಲ್ಲಿಗೆ ನುಗ್ಗಿದೆ. ಮನೆಯಿಂದ ಹೊರಡುವಾಗ ನಾಲ್ಕು ಬಿರುಸಾದ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಎರಡನೆಯದರ ಅರ್ಧದಲ್ಲಿರುವಾಗ ದೊಡ್ಡಕ್ಕ ಮೂಲೆಯಿಂದ ಒಂದು ಷಟಲ್ ನೆಟ್ ತಂದು ನನ್ನ ಕೈಗೆ ಹಾಕಿದರು. ಗಂಟು ಗಂಟು ಗಂಟು. ಹಕ್ಕಿಗೂಡಿನ ಹಾಗಿತ್ತು.

"ಸಾರ್, ಹೇಗೂ ಬಂದಿದೀರ. ಈ ತುದಿ ಸ್ವಲ್ಪ ಬಿಡಿಸಿಕೊಡ್ತೀರಾ? ನನ್ನ ಕಣ್ಣಿಗೆ ಕಾಣಲ್ಲ. ಬಿಡಿಸ್ತಾನೇ ಬೈರಿ, ಕೇಳಿಸ್ಕೋತೀನಿ."

ಗಂಟು ಬಿಡಿಸುತ್ತಾ ಬೈಯುವುದು ಎಷ್ಟು ಕಷ್ಟ ಎನ್ನುವುದು ಮಾಡಿ ನೋಡಿದವರಿಗೇ ಗೊತ್ತು. ಬೈಗುಳ ನಾಲಗೆಗೆ ಬರುವ ಹೊತ್ತಿಗೆ ಗಂಟು ಕೈತಪ್ಪುತ್ತದೆ. ಗಂಟು ಹಿಡಿದರೆ ಬೈಗುಳ ಮರೆತುಹೋಗುತ್ತದೆ. ಮುಕ್ಕಾಲು ಗಂಟೆಯ ಮೇಲೆ "ಬರ್ತೀನಮ್ಮ" ಅಂತ ಹೇಳಿ ಮನೆಗೆ ಬಂದೆ. "ಏನಂದ್ರು?" ಎಂದು ಕೇಳಿದಳು ನಮ್ಮ ಮನೆಯವಳು. "ಹದಿನಾರು ಗಂಟು ಬಿಡಿಸಿದೆ" ಅಂದೆ. ಆಕೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಆಮೇಲೆ ತಿಳಿಯಿತು, ಅಲ್ಲಿಗೆ ಯಾರು ಬುಸುಗುಡುತ್ತಾ ಬಂದರೂ, ಅಳುತ್ತಾ ಬಂದರೂ, ಮೊದಲು ಕೈಗೆ ಬೀಳುವುದು ಅದೇ ನೆಟ್. ಎಷ್ಟೋ ಜನ ಅದನ್ನು ಪೂರ್ತಿ ಬಿಡಿಸಿದ್ದಾರಂತೆ. ಮಾರನೆಯ ದಿನ ಬಾಗಿಲು ತೆರೆಯುವ ಮೊದಲು ದೊಡ್ಡಕ್ಕ ಒಬ್ಬರೇ ಕೂತು ಅದನ್ನು ಮತ್ತೆ ಶ್ರದ್ಧೆಯಿಂದ ಗಂಟು ಹಾಕಿಡುತ್ತಾರೆ. ಹನ್ನೊಂದು ವರ್ಷದಲ್ಲಿ ಆ ನೆಟ್ಟಿನ ಮೇಲೆ ಒಂದು ದಿನವೂ ಷಟಲ್ ಹಾರಿಲ್ಲ.

ನೆಟ್ಟಿಗೆ ಸೋತ ನಾನು ಪೆನ್ನು ಹಿಡಿದೆ. ಮನೆಯವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ನನಗೆ ಬರೆಯುವ ಚಟ ಬೇರೆ ಇದೆಯಲ್ಲ, ಅವಳು ಒಂದು ಮಾತು ಹೇಳಿದರೆ ನಾನು ಮೂರು ಸಾಲು ಬರೆದೆ. ನಾಲ್ಕು ಪುಟವಾಯಿತು. ಕೊನೆಯಲ್ಲಿ ಗುಂಡಿನಂಥ ಒಂದು ವಾಕ್ಯ ಬೇಕೆನಿಸಿ, 'ಸದರಿ ಕೇಂದ್ರದಲ್ಲಿ ಪ್ರತಿ ಸಂಜೆ ಏನೇನೋ ಆಗುತ್ತದೆ' ಎಂದು ಮುಗಿಸಿದೆ. ಏನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ವಾಕ್ಯ ಮಾತ್ರ ಚೆನ್ನಾಗಿತ್ತು.

ಮೂರು ವಾರಕ್ಕೆ ತಪಾಸಣೆ ಅಧಿಕಾರಿ ಬಂದರು. ಕಡ್ಡಿಯಂಥ ಮನುಷ್ಯ, ಜೇಬಿನಲ್ಲಿ ಎರಡು ಪೆನ್ನು, ಮುಖದಲ್ಲಿ ಒಂದೂ ನಗೆಯಿಲ್ಲ. ದೂರುದಾರನೆಂದು ನನ್ನನ್ನೂ ಕರೆಸಿದರು.

"ಇವರು ಏನೇನೋ ಆಗುತ್ತೆ ಅಂತ ಬರೆದಿದಾರೆ. ಏನಾಗುತ್ತೆ? ದಿನಚರಿ ರಿಜಿಸ್ಟರ್ ತೋರಿಸಿ" ಎಂದರು.

ದೊಡ್ಡಕ್ಕ ಹನ್ನೊಂದು ಪುಸ್ತಕ ತಂದಿಟ್ಟರು. ಎಲ್ಲಕ್ಕೂ ತಾವೇ ಕಟ್ಟಿದ ಗಟ್ಟಿ ರಟ್ಟು. ಅಪ್ಪನಿಂದ ಬಂದ ಕೈ. ಒಳಗೆ ದಿನಾಂಕ, ಬಂದವರ ಸಂಖ್ಯೆ, ಕೊನೆಗೆ 'ದಿನದ ವಿಶೇಷ' ಎಂಬ ಅಗಲವಾದ ಕಾಲಂ. ಅಧಿಕಾರಿ ಮೊದಲ ಪುಸ್ತಕ ತೆರೆದರು. ವಿಶೇಷ: ಏನೂ ಆಗಲಿಲ್ಲ. ಮಾರನೆಯ ದಿನ: ಏನೂ ಆಗಲಿಲ್ಲ. ಹಾಳೆ ತಿರುವಿದರು. ಏನೂ ಆಗಲಿಲ್ಲ. ಐದನೇ ಪುಸ್ತಕ, ಒಂಬತ್ತನೇ ಪುಸ್ತಕ. ಗುಂಡಗಿನ ಅಕ್ಷರ, ಒಂದೇ ಅಳತೆ, ಒಂದೇ ಮಾತು.

"ಇದೇನಮ್ಮ ಇದು? ಮೂರು ಸಾವಿರ ಚಿಲ್ಲರೆ ದಿನ ಏನೂ ಆಗ್ಲಿಲ್ವಾ?"

"ಇಲ್ಲ ಸಾರ್" ಎಂದರು ದೊಡ್ಡಕ್ಕ. ದನಿಯಲ್ಲಿ ಒಂದು ಹೆಮ್ಮೆಯಿತ್ತು. ಅದು ಯಾಕೆಂದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅಧಿಕಾರಿಗೆ ಸಿಟ್ಟು ಬಂತು. "ನೋಡಿ, ಇವರ ದೂರು ನಿಜವಾದ್ರೆ ಕೇಂದ್ರ ಮುಚ್ಚಬೇಕು. ನಿಮ್ಮ ರಿಜಿಸ್ಟರ್ ನಿಜವಾದ್ರೂ ಮುಚ್ಚಬೇಕು. ಏನೂ ಆಗದ ಜಾಗಕ್ಕೆ ಸರ್ಕಾರದ ದುಡ್ಡು ಯಾಕೆ? ಅಲ್ಲಿ ನಗರಸಭೇಲಿ ಹಳೇ ಕಡತ ಇಡೋಕೆ ಜಾಗ ಇಲ್ದೆ ಮೆಟ್ಟಿಲ ಮೇಲೆ ಪೇರಿಸಿದೀವಿ!" ಎಂದು ಮೇಜು ಕುಟ್ಟಿದರು. ಮುಂದಿನ ಕ್ಷಣ ಅವರ ಮಡಿಲಲ್ಲಿ ನೆಟ್ ಇತ್ತು. ಅದು ಹೇಗೆ ಅಲ್ಲಿಗೆ ಬಂತೆಂದು ನಾನೂ ನೋಡಲಿಲ್ಲ. ಅರ್ಧ ಗಂಟೆ ತುಟಿ ಕಚ್ಚಿಕೊಂಡು ಬಿಡಿಸಿದರು. ಕೊನೆಗೆ ಗಡಿಯಾರ ನೋಡಿ ಬೆಚ್ಚಿಬಿದ್ದವರಂತೆ ಎದ್ದು, "ಸೋಮವಾರ ಎರಡು ಗಂಟೆಗೆ ಸಮಿತಿ ಮುಂದೆ ವಿಚಾರಣೆ. ರಿಜಿಸ್ಟರ್ ಸಮೇತ ಬನ್ನಿ. ಅವತ್ತೇ ತೀರ್ಮಾನ" ಎಂದು ಹೊರಟುಹೋದರು.

ನಾನು ಕೇಳಿದ್ದು ಸದ್ದು ಕಡಿಮೆ ಮಾಡಿ ಅಂತ. ಮುಚ್ಚಿಬಿಡಿ ಅಂತ ಅಲ್ಲ. ಸೊಳ್ಳೆ ಓಡಿಸಿ ಎಂದರೆ ಮನೆಗೇ ಬೆಂಕಿಯಿಡುವ ಇಲಾಖೆಯೆಂದು ನನಗೇನು ಗೊತ್ತು?

ಶನಿವಾರ ಸಂಜೆ ಹೋಗಿ ಜಗಲಿಯಲ್ಲಿ ಪೆಚ್ಚಾಗಿ ನಿಂತೆ. ಒಳಗೆ ದೊಡ್ಡ ಸಭೆ ನಡೆಯುತ್ತಿತ್ತು. ಮುಂದಾಳು ರೇಡಿಯೋ ಎಂಬ ಹುಡುಗಿ. ಹದಿನೇಳು ವರ್ಷ, ಬಾಯಿಗೆ ಸ್ವಿಚ್ಚಿಲ್ಲ, ಅದಕ್ಕೇ ಆ ಹೆಸರು. ಪಕ್ಕದಲ್ಲಿ ಸ್ಪ್ಯಾನರ್. ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್; ವಯಸ್ಸು ಇಪ್ಪತ್ತೆಂಟಾಗಿ ಕೇಂದ್ರದ ಲೆಕ್ಕದಲ್ಲಿ ನಿವೃತ್ತನಾದರೂ ಬರುವುದು ಬಿಟ್ಟಿರಲಿಲ್ಲ.

"ಬನ್ನಿ ಅಂಕಲ್," ಎಂದಳು ರೇಡಿಯೋ, "ನಿಮ್ಮದೇ ವಿಷಯ ಮಾತಾಡ್ತಿದ್ವಿ. ಬೈಗುಳ ಇನ್ನೂ ಮುಗಿದಿಲ್ಲ, ಕೂತ್ಕೊಳ್ಳಿ."

"ತಪ್ಪಾಯ್ತಮ್ಮ."

"ತಪ್ಪಾಯ್ತು ಅಂದ್ರೆ ಬಿಡಲ್ಲ. ನೀವು ಚೆನ್ನಾಗಿ ಬರೀತೀರಂತೆ. ಕಾಲಂ ತುಂಬಿಸಿಕೊಡಿ. ಇಲ್ಲಿಂದ ಇಬ್ಬರು ಚಾಂಪಿಯನ್ ಬಂದ್ರು, ಒಬ್ಬ ವಿಜ್ಞಾನಿ ಆದ, ಒಬ್ಬಳು ಚಂದ್ರನ ಹತ್ತಿರ ಹೋಗಿಬಂದ್ಲು..."

"ಚಂದ್ರ ಬೇಡ ಕಣೇ, ನಂಬಲ್ಲ" ಎಂದ ಸ್ಪ್ಯಾನರ್. "ಜಿಲ್ಲಾ ಮಟ್ಟದಲ್ಲೇ ಇರು."

ನಾನು ಪೆನ್ನಿಗಾಗಿ ಜೇಬು ತಡಕಿಯೂ ಆಗಿತ್ತು. ಸುಳ್ಳು ಬರೆಯುವುದರಲ್ಲಿ ನನಗೆ ಆಗಲೇ ನಾಲ್ಕು ಪುಟದ ಅನುಭವವಿತ್ತಲ್ಲ. ದೊಡ್ಡಕ್ಕ ರಿಜಿಸ್ಟರನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡರು.

"ಯಾರೂ ಏನೂ ಬರೆಯೋ ಹಾಗಿಲ್ಲ."

"ಹಾಗಾದ್ರೆ ನಿಜಾನೇ ಬರೀರಿ ಅಕ್ಕ" ಎಂದ ಸ್ಪ್ಯಾನರ್. "ನಿಜ ಏನು ಕಮ್ಮಿ ಇದೆಯಾ?"

ಆಗ ದೊಡ್ಡಕ್ಕ ಅದರ ಕಾರಣ ಹೇಳಿದರು. ಕೆಲಸಕ್ಕೆ ಸೇರಿದ ಮೊದಲ ವಾರ ಆ ಕಾಲಮ್ಮಿನಲ್ಲಿ ಅವರು ನಿಜವನ್ನೇ ಬರೆದಿದ್ದರಂತೆ: ಇಂಥ ಹುಡುಗಿ ಅಳುತ್ತಾ ಬಂದಳು, ಮನೆಯಲ್ಲಿ ಅಪ್ಪ ಹೊಡೆಯುತ್ತಾನೆ ಎಂದಳು. ಮೂರನೇ ದಿನ ಆ ಅಪ್ಪನೇ ಮಗಳನ್ನು ಹುಡುಕಿಕೊಂಡು ಬಂದ. ಮೇಜಿನ ಮೇಲಿದ್ದ ಪುಸ್ತಕ ತೆರೆದು ಓದಿದ. ಆ ಹುಡುಗಿ ಮತ್ತೆ ಬರಲಿಲ್ಲ.

"ಆ ಹಾಳೆ ಕಿತ್ತು ಒಲೆಗೆ ಹಾಕಿದೆ. ರಟ್ಟು ಕಟ್ಟೋ ಮನೇಲಿ ಹುಟ್ಟಿದವಳು ನಾನು, ಪುಸ್ತಕದ ಹಾಳೆ ಕಿತ್ತಿದ್ದು ಅದೊಂದೇ ಸಲ. ಪುಸ್ತಕಕ್ಕೆ ಆಯಸ್ಸು ಜಾಸ್ತಿ ಕಣ್ರೋ. ಹದಿನಾರು ವಯಸ್ಸಲ್ಲಿ ಮಾಡಿದ ಪೆದ್ದುತನ ಅರವತ್ತರವರೆಗೆ ಯಾಕೆ ಉಳೀಬೇಕು? ಅದಕ್ಕೇ ಏನೂ ಆಗಲಿಲ್ಲ ಅಂತ ಬರೀತೀನಿ. ಆಗಿದ್ರೂ ಆಗಿಲ್ಲ."

"ಹಾಗಾದ್ರೆ ಸೋಮವಾರ ಏನು ಹೇಳ್ತೀರ?" ಎಂದೆ.

"ಅದನ್ನೇ ಹೇಳ್ತೀನಿ ಸಾರ್. ಮುಚ್ಚಿದ್ರೆ ಮುಚ್ಚಲಿ" ಎಂದರು. ಆದರೆ ಆವತ್ತು ಬೀಗ ಹಾಕುವಾಗ ಆಕೆಗೆ ಬೀಗದ ಕಿಂಡಿ ಮೂರು ಸಲ ಸಿಗಲಿಲ್ಲ. ನಮ್ಮ ಕಿಟಕಿಯಿಂದ ನೋಡುತ್ತಿದ್ದ ನಮ್ಮ ಮನೆಯವಳು ನನ್ನ ಕಡೆ ತಿರುಗಿ, "ನಾಲ್ಕು ಪುಟ ಯಾಕ್ರೀ ಬರೆದ್ರಿ? ನಾನು ಹೇಳಿದ್ದು ಒಂದು ಪುಟದಷ್ಟು" ಎಂದಳು. ಅಪರಾಧದ ಮುಕ್ಕಾಲು ಪಾಲು ನನ್ನ ತಲೆಗೆ ಬಂತು.

ಸೋಮವಾರ ಸ್ಪ್ಯಾನರ್ ತನ್ನ ಗ್ಯಾರೇಜಿನ ವ್ಯಾನಿನಲ್ಲಿ ನಮ್ಮನ್ನೂ ಹನ್ನೊಂದು ಪುಸ್ತಕಗಳನ್ನೂ ಹೇರಿಕೊಂಡು ಹೋದ. ಸಭಾಕೋಣೆಗೆ ಹತ್ತುವ ಮೆಟ್ಟಿಲ ಮೇಲೆ ನಿಜಕ್ಕೂ ಕಡತಗಳು ಪೇರಿಸಿದ್ದವು. ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ಹತ್ತಿದೆವು. ಒಳಗೆ ಉದ್ದ ಮೇಜು, ಮೂವರು ಸದಸ್ಯರು, ನಡುವೆ ಸಮಿತಿಯ ಅಧ್ಯಕ್ಷೆ. ಬೆಳ್ಳಗಿನ ಕೂದಲು, ದಪ್ಪ ಕನ್ನಡಕ, ಕಡಿಮೆ ಮಾತು. ಒಂದು ಕೊನೆಯಲ್ಲಿ ನಮ್ಮ ತಪಾಸಣೆ ಅಧಿಕಾರಿ. ಇನ್ನೊಂದು ಕೊನೆಯಲ್ಲಿ ನಡಾವಳಿ ಟೈಪ್ ಮಾಡಲು ಕೂತ ಟೈಪಿಸ್ಟ್, ಸುಮಾರು ಇಪ್ಪತ್ತೈದರ ಹೆಣ್ಣುಮಗಳು.

ಅಧ್ಯಕ್ಷೆ ಒಂದು ಪುಸ್ತಕ ಎಳೆದುಕೊಂಡು ನಡುವೆ ಎಲ್ಲೋ ತೆರೆದರು. "ಮೂರನೇ ವರ್ಷ. ಆಗಸ್ಟ್ ಹದಿನೇಳು. ಬಂದವರು ಇಪ್ಪತ್ತೆರಡು. ವಿಶೇಷ, ಏನೂ ಆಗಲಿಲ್ಲ. ಆವತ್ತು ಏನಾಯ್ತಮ್ಮ?"

"ಏನೂ ಆಗಲಿಲ್ಲ ಮೇಡಂ."

"ಇಪ್ಪತ್ತೆರಡು ಜನ ನಾಲ್ಕು ಗಂಟೆ ಹೊತ್ತು ಸೇರಿದ್ರೂ?"

"ಅಷ್ಟು ಜನ ಸೇರಿದ್ರೂ ಏನೂ ಆಗಲಿಲ್ಲ ಮೇಡಂ."

ಟಕಟಕ ಸದ್ದು ನಿಂತಿತು. ಎಲ್ಲರೂ ತಿರುಗಿ ನೋಡಿದರೆ ಟೈಪಿಸ್ಟ್ ಎದ್ದು ನಿಂತಿದ್ದಳು.

"ಮೇಡಂ, ಆವತ್ತು ಆಗದೇ ಇದ್ದದ್ದು ನಂದು."

"ಕೂತ್ಕೋ" ಎಂದರು ದೊಡ್ಡಕ್ಕ, ಮೆಲ್ಲಗೆ.

"ಕೂರಲ್ಲ ಅಕ್ಕ. ಹನ್ನೊಂದು ವರ್ಷದ ಪುಸ್ತಕದಲ್ಲಿ ನನ್ನ ದಿನವೇ ತೆಗೆದಿದಾರೆ, ಕೂತ್ರೆ ನನಗೆ ನಿದ್ದೆ ಬರಲ್ಲ." ಅವಳು ಅಧ್ಯಕ್ಷೆಯ ಕಡೆ ತಿರುಗಿದಳು. "ಮೇಡಂ, ಆಗ ನನಗೆ ಹದಿನೇಳು. ಎರಡೇ ಸಲ ನೋಡಿದ್ದ ಒಬ್ಬನ ಜೊತೆ ಆರೂ ನಲವತ್ತರ ಬಸ್ಸಿಗೆ ಊರು ಬಿಟ್ಟು ಹೊರಟಿದ್ದೆ. ಅಲ್ಲೀವರೆಗೆ ಹೊತ್ತು ಕಳೆಯೋಕೆ ಕೇಂದ್ರಕ್ಕೆ ಹೋದೆ. ಅಕ್ಕ ನನ್ನ ಬ್ಯಾಗ್ ನೋಡಿದ್ರು, ಒಂದು ಮಾತು ಕೇಳಲಿಲ್ಲ. ಆ ನೆಟ್ ಕೊಟ್ಟು, ಇವತ್ತು ತುಂಬಾ ಅರ್ಜೆಂಟು, ಆರೂವರೆಯೊಳಗೆ ಬಿಡಿಸಿಕೊಡು ಅಂದ್ರು. ಅವಸರಕ್ಕೆ ಒಂದು ಬಿಡಿಸಿದ್ರೆ ಎರಡು ಬೀಳ್ತಿತ್ತು. ತಲೆಯೆತ್ತಿ ನೋಡಿದ್ರೆ ಏಳು ಗಂಟೆ."

"ಆ ಮನುಷ್ಯ?" ಎಂದರು ಅಧ್ಯಕ್ಷೆ.

"ಅವನು ಬಸ್ಸಿಗೆ ಹೋದ ಮೇಡಂ. ನನಗೋಸ್ಕರ ಕಾಯಲೂ ಇಲ್ಲ."

"ಬ್ಯಾಗ್ ನೋಡಿದ್ರೆ ಗೊತ್ತಾಗಿಬಿಡ್ತಾ ನಿಮಗೆ?" ಎಂದು ಅಧ್ಯಕ್ಷೆ ದೊಡ್ಡಕ್ಕನನ್ನು ಕೇಳಿದರು.

ದೊಡ್ಡಕ್ಕನಿಗೆ ಬೇರೆ ದಾರಿಯಿರಲಿಲ್ಲ. "ಟೂತ್ ಬ್ರಷ್ ಇಣುಕ್ತಿತ್ತು ಮೇಡಂ. ಕೇರಂ ಆಡೋಕೆ ಬರೋರು ಬ್ರಷ್ ತರಲ್ಲ."

ಮಾರನೆಯ ದಿನ ದೊಡ್ಡಕ್ಕನೇ ಅವಳಿಂದ ಟೈಪಿಂಗ್ ತರಗತಿಯ ಅರ್ಜಿ ತುಂಬಿಸಿದರಂತೆ. ಬೆರಳಿಗೆ ಗಂಟು ಬಿಡಿಸಿ ಅಭ್ಯಾಸವಾಗಿದೆ, ಅಕ್ಷರವೂ ಬಂದೀತು ಎಂದಿದ್ದರಂತೆ.

ಅಷ್ಟು ಹೊತ್ತಿಗೆ ಪುಸ್ತಕ ಇಳಿಸಿ ಬಾಗಿಲ ಬಳಿ ನಿಂತಿದ್ದ ಸ್ಪ್ಯಾನರ್‌ಗೂ ಧೈರ್ಯ ಬಂತು. "ಮೇಡಂ, ನಂದೂ ಒಂದಿದೆ. ಐದನೇ ವರ್ಷ, ಡಿಸೆಂಬರ್ ಎರಡು. ಇಗೋ, ದೂರು ಕೊಟ್ಟಿದಾರಲ್ಲ ಈ ಸಾರು, ಇವರ ಸ್ಕೂಟರ್ ಕದ್ದಿದ್ದೆ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ನನ್ನ ಸ್ಕೂಟರಾ? ನನ್ನ ಸ್ಕೂಟರ್ ಯಾವತ್ತೂ ಕಳುವಾಗಿಲ್ಲ!"

"ಆಗಿತ್ತು ಸಾರ್. ಸಂಜೆ ಐದರಿಂದ ಏಳೂವರೆವರೆಗೆ. ನೀವು ಪೇಪರ್ ಮುಖದ ಮೇಲೆ ಹಾಕ್ಕೊಂಡು ಮಲಗಿದ್ರಿ. ತಗೊಂಡು ಹೋಗಿ ಮಾರೋಣ ಅಂತಿದ್ದೆ. ಓಣಿ ಕೊನೇಲಿ ಅಕ್ಕ ಎದುರಾದ್ರು. ಕದ್ದೆಯಾ ಅಂತ ಕೇಳಲೇ ಇಲ್ಲ. ಪಾಪ, ಎಂಥ ಸ್ಥಿತಿಯಲ್ಲಿ ಇಟ್ಟಿದಾರೆ ನೋಡೋ ಗಾಡಿನ, ಸರಿಮಾಡೋಕೆ ಬರುತ್ತಾ ನಿನಗೆ ಅಂದ್ರು. ಬರಲ್ಲ ಅಂದೆ. ಕಲಿ ಅಂದು ಗ್ಯಾರೇಜಿಗೆ ಕರ್ಕೊಂಡು ಹೋದ್ರು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಬ್ರೇಕ್ ಬಿಗಿ ಮಾಡಿ, ತಂದು ನಿಲ್ಲಿಸಿದ್ವಿ. ಆವತ್ತಿಂದ ನಾನು ಅಲ್ಲೇ ಕೆಲಸಕ್ಕೆ."

ಸಭೆಯೆಲ್ಲ ನನ್ನ ಕಡೆ ನೋಡುತ್ತಿತ್ತು. ನನ್ನ ಕಿವಿ ಬಿಸಿಯಾಯಿತು. ಯಾಕೆಂದರೆ ಆ ಡಿಸೆಂಬರಿನಲ್ಲಿ ನನ್ನ ಸ್ಕೂಟರಿನ ಮೈಲೇಜು ಏಕಾಏಕಿ ಏರಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅದು ನಾನು ಗಾಡಿ ಓಡಿಸುವ ವೈಖರಿಯ ಫಲವೆಂದು ಇಡೀ ಆಫೀಸಿಗೆ ಒಂದು ತಿಂಗಳು ಪಾಠ ಮಾಡಿದ್ದೆ. ಇಬ್ಬರು ಅದನ್ನು ಬರೆದುಕೊಂಡೂ ಇದ್ದರು.

"ದೂರುದಾರರು ಏನಾದ್ರೂ ಹೇಳ್ತೀರಾ?" ಎಂದರು ಅಧ್ಯಕ್ಷೆ. ಅವರ ಕನ್ನಡಕದ ಕೆಳಗೆ ತುಟಿಗಳು ಕುಣಿಯುತ್ತಿದ್ದವು.

"ಮೇಡಂ, ಕೇರಂ ಸದ್ದು ನಿಜ" ಎಂದೆ. "ಉಳಿದ ಮೂರೂಮುಕ್ಕಾಲು ಪುಟ ಸಾಹಿತ್ಯ."

ಆಮೇಲೆ ಅವರು ತಪಾಸಣೆ ಅಧಿಕಾರಿಯ ಕಡೆ ತಿರುಗಿದರು. ಆತ ಎರಡೂ ಪೆನ್ನುಗಳನ್ನು ಮೇಜಿನ ಮೇಲಿಟ್ಟರು. "ಮೇಡಂ, ಮುಚ್ಚಬಹುದು ಅಂತ ಬರೆದಿದ್ದೆ. ಅದು... ಆ ನೆಟ್ಟಿನ ಎಡಗಡೆ ಮೂಲೆಯ ಗಂಟು ನನ್ನಿಂದ ಆಗಲಿಲ್ಲ. ಮೂರು ದಿನದಿಂದ ಅದೇ ತಲೇಲಿದೆ. ಆದರೆ ಮನೇಲಿ ಯಾರ ಮೇಲೂ ರೇಗಿಲ್ಲ. ಹೆಂಡ್ತಿ ಡಾಕ್ಟರಿಗೆ ತೋರಿಸೋಣ ಅಂತಿದಾಳೆ."

ಒಬ್ಬ ಸದಸ್ಯರು ಗಂಟಲು ಸರಿಮಾಡಿಕೊಂಡು, "ಎಲ್ಲಾ ಸರಿ, ಆದರೆ ಫಲಿತಾಂಶ ಕಾಗದದಲ್ಲಿ ಕಾಣಬೇಕಲ್ಲ? ವರ್ಷಾ ವರ್ಷಾ ಖರ್ಚು ಮಾಡ್ತಾ ಇದೀವಿ" ಎಂದರು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದರು ಅಧ್ಯಕ್ಷೆ. "ಕಳೆದ ವರ್ಷ ದೊಣ್ಣೆಯಿಂದ ಆದ ಖರ್ಚು ನನ್ನ ಹತ್ತಿರ ಇದೆ. ಒಡೆದ ಬೀದಿದೀಪ, ಮುರಿದ ಬೆಂಚು, ಪಾರ್ಕಿನ ಬೇಲಿ ಎರಡು ಸಲ. ಬೇಲಿ ಒಂದಕ್ಕೇ ಈ ಕೇಂದ್ರದ ಒಂದೂವರೆ ವರ್ಷದ ಖರ್ಚು ಹೋಗಿದೆ. ಬೇಲಿಯ ಫಲಿತಾಂಶ ಏನು ಅಂತ ಇಲ್ಲಿ ಯಾರೂ ಕೇಳಲಿಲ್ಲ. ಈಕೆಯ ಓಣಿಯಲ್ಲಿ ಒಂದು ಬಲ್ಬೂ ಒಡೆದಿಲ್ಲ. ಅದು ಕಾಗದದಲ್ಲಿ ಹೇಗೆ ಕಾಣುತ್ತೆ ಹೇಳಿ, ಒಡೆದಿದ್ರೆ ತಾನೇ ಬಿಲ್ ಬರೋದು?"

ಕೇಂದ್ರ ಮುಂದುವರಿಯಬೇಕು, ಒಬ್ಬ ಸಹಾಯಕರ ಹುದ್ದೆ ಹೊಸದಾಗಿ ಕೊಡಬೇಕು, 'ದಿನದ ವಿಶೇಷ' ಕಾಲಮ್ಮಿನಲ್ಲಿ ಮೇಲ್ವಿಚಾರಕರು ತಮಗೆ ಸರಿಕಂಡದ್ದನ್ನು ಬರೆಯಬಹುದು ಎಂದು ತೀರ್ಮಾನವಾಯಿತು. ಟೈಪಿಸ್ಟ್ ಅದನ್ನು ಬಡಿದ ರಭಸಕ್ಕೆ ಯಂತ್ರ ಅರ್ಧ ಗೇಣು ಮುಂದೆ ಸರಿಯಿತು. ಹಳೆಯ ಕಡತಗಳು ಮೆಟ್ಟಿಲ ಮೇಲೇ ಉಳಿದವು.

ದೊಡ್ಡಕ್ಕ ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ವ್ಯಾನು ಹತ್ತಿದ ಮೇಲೆ ಶುರುವಾಯಿತು ನೋಡಿ.

"ಯಾರೋ ಹೇಳೋಕೆ ಹೇಳಿದ್ದು ನಿನಗೆ? ಆರು ವರ್ಷ ಬಾಯಿ ಹೊಲ್ಕೊಂಡು ನಾನು ಕಾಪಾಡಿದ್ದನ್ನ ಆರು ನಿಮಿಷದಲ್ಲಿ ಬೀದಿಗೆ ತಂದ್ಯಲ್ಲ! ನಾಳೆ ಗ್ಯಾರೇಜಿಗೆ ಗಾಡಿ ತರೋರು ಏನಂತಾರೆ?"

"ಏನೂ ಅನ್ನಲ್ಲ ಅಕ್ಕ, ಕದಿಯೋರಿಗೇ ರಿಪೇರಿ ಚೆನ್ನಾಗಿ ಬರೋದು ಅಂತಾರೆ."

"ಹಲ್ಲು ಕಿಸಿಯಬೇಡ, ರಸ್ತೆ ನೋಡು! ಆ ಹುಡುಗೀನೂ ಸಿಗಲಿ ನನ್ನ ಕೈಗೆ." ಆಮೇಲೆ ನನ್ನ ಕಡೆ ತಿರುಗಿ, "ನೀವು ಸಾರ್, ಗಾಡಿಗೆ ಬೀಗ ಹಾಕೋದು ಕಲೀರಿ" ಎಂದರು. ಹೇಳುತ್ತಾ ಹೇಳುತ್ತಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ನಾನು ಕರವಸ್ತ್ರ ಕೊಟ್ಟೆ, ತೆಗೆದುಕೊಂಡರು.

ಓಣಿಗೆ ಬರುವಾಗ ಐದೂಕಾಲು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾಲ್ಕು ಗಂಟೆಗೆ ಬಾಗಿಲು ತೆರೆದಿರಲಿಲ್ಲ. ಜಗಲಿ ಖಾಲಿ. ದೊಡ್ಡಕ್ಕನ ಮುಖ ಬಾಡಿತು. ಅಷ್ಟರಲ್ಲಿ ನಮ್ಮ ಮನೆಯೊಳಗಿಂದ ಸಂತೆಯಂಥ ಗದ್ದಲ ಕೇಳಿತು.

ಬೀಗ ನೋಡಿ ದಿಕ್ಕು ತೋಚದೆ ನಿಂತಿದ್ದವರನ್ನು ರೇಡಿಯೋ ಸೀದಾ ನಮ್ಮ ಮನೆಗೆ ನುಗ್ಗಿಸಿದ್ದಳು. ನಮ್ಮ ಹಜಾರದಲ್ಲಿ ಹತ್ತೊಂಬತ್ತು ಜನ. ಇಬ್ಬರು ಸೋಫಾದ ಕೈಯ ಮೇಲೆ, ನಾಲ್ವರು ಮಂಚದ ಮೇಲೆ, ಒಬ್ಬ ಫ್ರಿಜ್ಜಿನ ಮುಂದೆ ಬಾಗಿಲು ತೆರೆದುಕೊಂಡು ಸುಮ್ಮನೆ ನಿಂತಿದ್ದ. ಇನ್ನಿಬ್ಬರು ಗಡಿಯಾರ ಬಿಚ್ಚಿದ್ದರು. ನಮ್ಮ ಮನೆಯವಳು ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕಾವಲು ನಿಂತಿದ್ದಳು, ತಲೆಗೂದಲು ಕೆದರಿತ್ತು.

ದೊಡ್ಡಕ್ಕ ಬಾಗಿಲಲ್ಲಿ ಬೀಗದಕೈ ಅಲ್ಲಾಡಿಸಿದರು ಅಷ್ಟೆ. ಅರ್ಧ ನಿಮಿಷದಲ್ಲಿ ಹಜಾರ ಖಾಲಿ. ಗಡಿಯಾರ ಮಾತ್ರ ನಾಲ್ಕು ಭಾಗವಾಗಿ ಮೇಜಿನ ಮೇಲೆ ಉಳಿಯಿತು.

ನಮ್ಮ ಮನೆಯವಳು ಕುರ್ಚಿಯ ಮೇಲೆ ಕುಸಿದು ಕೂತು, "ಉಳೀತಾ?" ಎಂದು ಕೇಳಿದಳು.

"ಉಳೀತು ಅಕ್ಕ" ಎಂದರು ದೊಡ್ಡಕ್ಕ.

"ದೇವರು ದೊಡ್ಡವನು. ಒಂದೂಕಾಲು ಗಂಟೆ ಕಣಮ್ಮ, ಒಂದೂಕಾಲು ಗಂಟೆ! ಹನ್ನೊಂದು ವರ್ಷ ಹೇಗೆ ಇಟ್ಕೊಂಡ್ರಿ ಇವರನ್ನ?" ಎಂದಳು. ಆಮೇಲೆ ಏನೋ ಹೊಳೆದಂತೆ ನೆಟ್ಟಗಾದಳು. "ಅಂದ ಹಾಗೆ, ಭಾನುವಾರ ಯಾಕೆ ರಜ? ಭಾನುವಾರ ಇವರೆಲ್ಲ ಎಲ್ಲಿ ಹೋಗ್ತಾರೆ? ರೀ, ಪೆನ್ನು ತಗೊಳ್ಳಿ. ಭಾನುವಾರನೂ ತೆರೀಬೇಕು ಅಂತ ಬರೀರಿ ನಗರಸಭೆಗೆ."

"ಅಯ್ಯೋ ಬೇಡ ಅಕ್ಕ," ಎಂದು ದೊಡ್ಡಕ್ಕ ಗಾಬರಿಯಾದರು, "ವಾರದ ಬಟ್ಟೆಯೆಲ್ಲ ನಾನು ಭಾನುವಾರವೇ ಒಗೀಬೇಕು."

"ಬಟ್ಟೆ ಇಲ್ಲಿಗೆ ಕಳಿಸಿ. ನಮ್ಮ ಬಟ್ಟೆ ಜೊತೆ ಅದೂ ಆಗುತ್ತೆ. ನೀವು ಬಾಗಿಲು ತೆಗೀರಿ ಸಾಕು."

ದೊಡ್ಡಕ್ಕ ಅವಳ ಎರಡೂ ಕೈ ಹಿಡಿದು, "ನಿಮಗೆ ಯಾಕೆ ಅಕ್ಕ ಅಷ್ಟು ತೊಂದರೆ" ಎಂದರು. ನಮ್ಮ ಮನೆಯವಳು, "ನನಗೇನೂ ತೊಂದರೆ ಇಲ್ಲಮ್ಮ" ಎಂದಳು. ಅದು ಅಪ್ಪಟ ಸತ್ಯ. ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವವನು ನಾನು ಎನ್ನುವುದು ದೊಡ್ಡಕ್ಕನಿಗೆ ಗೊತ್ತಿರಲಿಲ್ಲ.